ಸಾಂಬಾ ಸರ್ವರಲ್ಲಿ ಯಾವ ಫೈಲ್ ಯಾರ ಹತ್ರ ಓಪನ್ ಇದೆ ಅಂತ ಕಮಾಂಡ್ ಲೈನಲ್ಲಿ ನೋಡೋದು ಹೆಂಗೆ?

ಹೊಸ_ಅಡ್ಮಿನ್:

ಎಲ್ರಿಗೂ ನಮಸ್ಕಾರ. ನಮ್ಮ ಆಫೀಸಲ್ಲಿ ಒಂದು ಲಿನಕ್ಸ್ ಫೈಲ್ ಸರ್ವರ್ ಇದೆ, ಸಾಂಬಾ (ಲಿನಕ್ಸ್ ಸರ್ವರಿನ ಫೈಲುಗಳನ್ನ ವಿಂಡೋಸ್ ಪಿಸಿಗೆ ಹಂಚೋ ಸಾಫ್ಟ್‌ವೇರ್) ಹಾಕಿ 35 ವಿಂಡೋಸ್ ಪಿಸಿಗೆ ಶೇರ್ (ಹಂಚಿದ ಫೋಲ್ಡರ್) ಕೊಟ್ಟಿದೀವಿ. ಮೊದಲು ನೋಡ್ಕೊಳ್ತಿದ್ದೋರು ಕೆಲಸ ಬಿಟ್ಟು ಹೋದ್ರು, ನಾಲ್ಕು ತಿಂಗಳಿಂದ ನಾನೇ ನೋಡ್ಕೊಳ್ತಿದೀನಿ, ಲಿನಕ್ಸ್ ಅಷ್ಟಕ್ಕಷ್ಟೇ ಗೊತ್ತು.

ತೊಂದ್ರೆ ಏನಂದ್ರೆ ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಸ್ಟಾಕ್ ಶೀಟ್ ತೆಗೆಯೋಕೆ ಹೋದ್ರೆ ಎಕ್ಸೆಲ್ಲು ಬೇರೆ ಯಾರೋ ಎಡಿಟ್ ಮಾಡ್ತಿದಾರೆ, ರೀಡ್ ಓನ್ಲಿ ತಗೊಳ್ಳಿ ಅನ್ನುತ್ತೆ. ಯಾರು ಅಂತ ಹೆಸರೂ ತೋರಿಸುತ್ತೆ, ಆದ್ರೆ ಎಲ್ಲಾ ಪಿಸಿಗೂ ಆಫೀಸ್ ಇನ್‌ಸ್ಟಾಲ್ ಮಾಡುವಾಗ ಒಂದೇ ಹೆಸರು ಕೊಟ್ಟುಬಿಟ್ಟಿದಾರೆ, ಹಾಗಾಗಿ ಯಾವ ಪಿಸಿ ಅಂತ ಗೊತ್ತೇ ಆಗಲ್ಲ. ಒಬ್ಬೊಬ್ಬರ ಟೇಬಲ್ ಹತ್ರ ಹೋಗಿ ಕೇಳ್ತೀನಿ, ಎಲ್ಲರೂ ನಾನಲ್ಲ ನಾನಲ್ಲ ಅಂತಾರೆ, ಕೊನೆಗೆ ಸಾಂಬಾನೇ ರೀಸ್ಟಾರ್ಟ್ ಮಾಡ್ತೀನಿ. ಮೊನ್ನೆ ಹಂಗೆ ಮಾಡಿದಾಗ ಅಕೌಂಟ್ಸ್‌ನೋರು ಒಬ್ರು ಅರ್ಧ ಗಂಟೆ ಕೂತು ಹೊಡೆದಿದ್ದ ಎಂಟ್ರಿ ಹೋಯ್ತು, ತುಂಬಾ ಬೇಜಾರಾಯ್ತು, ಇನ್ನು ಮೇಲೆ ಕಣ್ಣು ಮುಚ್ಕೊಂಡು ರೀಸ್ಟಾರ್ಟ್ ಮಾಡಬಾರದು ಅಂತ ಅಂದುಕೊಂಡಿದೀನಿ.

ಇನ್ನೊಂದು, ಮಧ್ಯಾಹ್ನ 2 ಗಂಟೆ ಆಸುಪಾಸಿಗೆ ಸರ್ವರ್ ಪೂರ್ತಿ ನಿಧಾನ ಆಗುತ್ತೆ, ಫೋಲ್ಡರ್ ತೆಗೆದ್ರೆ ಹಸಿರು ಪಟ್ಟಿ ಮೆಲ್ಲಗೆ ಓಡ್ತಾ ಇರುತ್ತೆ. ಎರಡಕ್ಕೂ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ. ಸರ್ವರಿಗೆ ಮಾನಿಟರ್ ಇಲ್ಲ, ಎಸ್‌ಎಸ್‌ಎಚ್ (ಬೇರೆ ಪಿಸಿಯಿಂದ ಸರ್ವರಿಗೆ ಹೋಗಿ ಕಮಾಂಡ್ ಹೊಡೆಯೋದು) ಒಂದೇ ದಾರಿ. ಯಾವ ಕಮಾಂಡ್ ಹೊಡೀಬೇಕು, ಬಂದಿದ್ದನ್ನ ಹೆಂಗೆ ಓದಬೇಕು ಅಂತ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

ಹಳೇ_ಟರ್ಮಿನಲ್:

ನೀವು ಹುಡುಕ್ತಿರೋ ಕಮಾಂಡ್ ಎಸ್‌ಎಂಬಿಸ್ಟೇಟಸ್. ಸಾಂಬಾ ಜೊತೆನೇ ಬಂದಿರುತ್ತೆ, ಬೇರೆ ಏನೂ ಹಾಕೋದು ಬೇಡ. ಸುಡೋ (ರೂಟ್, ಅಂದ್ರೆ ಸರ್ವರಿನ ಮುಖ್ಯ ಯೂಸರ್ ಅಧಿಕಾರದಲ್ಲಿ ಓಡಿಸೋದು) ಸೇರಿಸಿ ಓಡಿಸಿ, ಇಲ್ಲಾಂದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ, ಯಾಕಂದ್ರೆ ಅದು ಸಾಂಬಾ ಒಳಗಡೆ ಇಟ್ಕೊಂಡಿರೋ ಟಿಡಿಬಿ (ಚಿಕ್ಕ ಡೇಟಾಬೇಸ್) ಫೈಲುಗಳನ್ನ ಓದಿ ಹೇಳೋದು, ಅವನ್ನ ರೂಟ್ ಮಾತ್ರ ಓದಬಹುದು. (ಫೋನಲ್ಲಿ ಕನ್ನಡ ಕೀಬೋರ್ಡಲ್ಲಿ ಬರೀತಿದೀನಿ, ಕಮಾಂಡೆಲ್ಲ ಉಚ್ಚಾರಣೆ ಥರಾನೇ ಇದೆ, ಟರ್ಮಿನಲಲ್ಲಿ ಇಂಗ್ಲಿಷಲ್ಲಿ ಹೊಡೀರಿ.)

ಓಡಿಸಿದ್ರೆ ಮೂರು ಪಟ್ಟಿ ಬರುತ್ತೆ. ಮೊದಲನೇದು ಯಾರ್ಯಾರು ಲಾಗಿನ್ ಆಗಿದಾರೆ ಅಂತ, ಅದರಲ್ಲಿ ಪಿಐಡಿ (ಓಡ್ತಿರೋ ಪ್ರೋಸೆಸ್ಸಿನ ನಂಬರ್), ಯೂಸರ್, ಗ್ರೂಪ್, ಮೆಷಿನ್ ಹೆಸರು ಅಥವಾ ಐಪಿ, ಪ್ರೋಟೋಕಾಲ್ ವರ್ಷನ್ ಇರುತ್ತೆ. ಎರಡನೇದು ಯಾರು ಯಾವ ಶೇರಿಗೆ ಎಷ್ಟೊತ್ತಿಗೆ ಕನೆಕ್ಟ್ ಆದ್ರು ಅಂತ. ಮೂರನೇದೇ ನಿಮಗೆ ಬೇಕಿರೋದು, ಅದಕ್ಕೆ ಲಾಕ್ಡ್ ಫೈಲ್ಸ್ ಅಂತ ತಲೆಬರಹ ಇರುತ್ತೆ, ಆ ಹೆಸರು ನೋಡಿ ಗಾಬರಿ ಬೀಳಬೇಡಿ, ಅಲ್ಲಿರೋದೆಲ್ಲ ಲಾಕ್ ಆಗಿದೆ ಅಂತ ಅಲ್ಲ, ಸುಮ್ಮನೆ ಓಪನ್ ಇರೋ ಫೈಲುಗಳೂ ಅಲ್ಲೇ ಬರುತ್ತೆ. ಮೂರನೇದು ಮಾತ್ರ ಸಾಕು ಅಂದ್ರೆ ಮೈನಸ್ ಕ್ಯಾಪಿಟಲ್ ಎಲ್ ಹಾಕಿ, ಮೊದಲನೇದು ಮಾತ್ರ ಬೇಕಂದ್ರೆ ಮೈನಸ್ ಸಣ್ಣ ಪಿ.

ಮೂರನೇ ಪಟ್ಟಿಯಲ್ಲಿ ಯೂಸರ್ ಹೆಸರು ಬರಲ್ಲ, ಯೂಸರ್ ನಂಬರ್ ಬರುತ್ತೆ, ಮೆಷಿನ್ ಹೆಸರಂತೂ ಇರೋದೇ ಇಲ್ಲ. ಹೊಸಬರೆಲ್ಲ ಎಡವೋದು ಇಲ್ಲೇ. ಅಲ್ಲಿರೋ ಪಿಐಡಿ ತಗೊಂಡು ಮೊದಲನೇ ಪಟ್ಟಿಯಲ್ಲಿ ಹುಡುಕಬೇಕು, ಅಲ್ಲಿ ಮೆಷಿನ್ ಸಿಗುತ್ತೆ. ಒಂದೊಂದು ಕನೆಕ್ಷನ್ನಿಗೂ ಸಾಂಬಾ ಒಂದೊಂದು ಎಸ್‌ಎಂಬಿಡಿ ಪ್ರೋಸೆಸ್ (ಸಾಂಬಾದ ಫೈಲ್ ಹಂಚೋ ಪ್ರೋಗ್ರಾಮ್) ಹುಟ್ಟಿಸುತ್ತೆ, ಅದಕ್ಕೇ ಪಿಐಡಿ ಇಟ್ಕೊಂಡ್ರೆ ಪಿಸಿ ಸಿಕ್ಕ ಹಾಗೆ.

ಆಮೇಲೆ ಡಿನೈಮೋಡ್ ಅಂತ ಒಂದು ಕಾಲಂ ಇದೆ. ಡಿನೈ_ನನ್ ಅಂದ್ರೆ ಅವರು ತೆಗೆದಿದಾರೆ, ಬೇರೆಯವರಿಗೂ ಏನೂ ಅಡ್ಡಿ ಇಲ್ಲ. ಡಿನೈ_ರೈಟ್ ಅಂದ್ರೆ ಬೇರೆಯವರು ಓದಬಹುದು, ಬರೆಯೋಕೆ ಬಿಡಲ್ಲ. ಡಿನೈ_ಆಲ್ ಅಂದ್ರೆ ಯಾರಿಗೂ ಇಲ್ಲ. ಪಕ್ಕದಲ್ಲೇ ಆರ್ ಸ್ಲ್ಯಾಶ್ ಡಬ್ಲ್ಯೂ ಕಾಲಮ್ಮಲ್ಲಿ ಆರ್‌ಡಿ‌ಓನ್ಲಿ ಅಂತಿದ್ರೆ ಬರೀ ಓದೋಕೆ ತೆಗೆದಿರೋದು, ಆರ್‌ಡಿಡಬ್ಲ್ಯೂಆರ್ ಅಂತಿದ್ರೆ ಓದೋಕೂ ಬರೆಯೋಕೂ. ಎಕ್ಸೆಲಲ್ಲಿ ಎಡಿಟ್ ಮಾಡೋಕೆ ತೆಗೆದವರ ಸಾಲಲ್ಲಿ ಡಿನೈ_ರೈಟ್ ಮತ್ತೆ ಆರ್‌ಡಿಡಬ್ಲ್ಯೂಆರ್ ಎರಡೂ ಒಟ್ಟಿಗೆ ಇರುತ್ತೆ, ನಿಮ್ಮ ಸ್ಟಾಕ್ ಶೀಟ್ ಹೆಸರಿನ ಎದುರು ಅದನ್ನ ಹುಡುಕಿ. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ ಇರೋ ಸಾಲುಗಳು ರಾಶಿ ರಾಶಿ ಕಾಣುತ್ತೆ, ಅದು ಯಾರೋ ಎಕ್ಸ್‌ಪ್ಲೋರರಲ್ಲಿ ಫೋಲ್ಡರ್ ತೆಗೆದಿಟ್ಟಿರೋದು ಅಷ್ಟೆ, ಬಿಟ್ಟಾಕಿ. ಹೆಸರಿನ ಮೊದಲಲ್ಲಿ ಅಲೆಗೆರೆ, ಆಮೇಲೆ ಡಾಲರ್ ಚಿಹ್ನೆ ಇರೋ ಒಂದು ಚಿಕ್ಕ ಫೈಲೂ ಕಾಣಬಹುದು, ಅದು ಎಕ್ಸೆಲ್ಲೇ ಪಕ್ಕದಲ್ಲಿ ಮಾಡಿಟ್ಕೊಳ್ಳೋ ಮಾಲೀಕನ ಫೈಲು, ನಿಮಗೆ ತೋರಿಸ್ತಿರೋ ಆ ಹೆಸರು ಅದರೊಳಗಿಂದ ಬರೋದು, ಅದಕ್ಕೇ ಆಫೀಸ್ ಇನ್‌ಸ್ಟಾಲಲ್ಲಿ ಕೊಟ್ಟ ಹೆಸರೇ ಎಲ್ಲರಿಗೂ ಬರ್ತಿದೆ.

ನಾಳೆ ಬೆಳಿಗ್ಗೆ ಲಾಕ್ ಆದಾಗ ರೀಸ್ಟಾರ್ಟ್ ಮಾಡೋಕ್ ಮುಂಚೆ ಔಟ್‌ಪುಟ್ ತಗೊಂಡು ಇಲ್ಲಿ ಹಾಕಿ, ಹೆಸರುಗಳನ್ನ ಬದಲಾಯಿಸಿ ಹಾಕಿ.

ಫಟಾಫಟ್:

ಇಷ್ಟೆಲ್ಲ ಯಾಕೆ, ಪಿಐಡಿ ಸಿಕ್ತಲ್ಲ, ಕಿಲ್ ಮೈನಸ್ 9 (ಪ್ರೋಸೆಸ್ಸನ್ನ ಬಲವಂತವಾಗಿ ತಕ್ಷಣ ನಿಲ್ಲಿಸೋ ಕಮಾಂಡ್) ಹೊಡೀರಿ, ಎರಡು ಸೆಕೆಂಡ್ ಕೆಲಸ. ನಾವು ಹಂಗೇ ಮಾಡೋದು.

ಹಳೇ_ಟರ್ಮಿನಲ್:

ದಯವಿಟ್ಟು ಮೈನಸ್ 9 ಹಾಕಬೇಡಿ. ಎಸ್‌ಎಂಬಿಡಿ ಮ್ಯಾನ್ಯುಯಲ್ ಪೇಜಲ್ಲೇ ಬರೆದಿದಾರೆ, ಬೇರೆ ದಾರಿನೇ ಇಲ್ಲ ಅನ್ನುವಾಗ ಮಾತ್ರ ಮಾಡಿ, ಇಲ್ಲಾಂದ್ರೆ ಎಲ್ಲಾ ಪ್ರೋಸೆಸ್ಸುಗಳೂ ಹಂಚ್ಕೊಂಡಿರೋ ಮಾಹಿತಿ ಅರ್ಧಂಬರ್ಧ ಉಳ್ಕೊಳ್ಳಬಹುದು ಅಂತ. ತೆಗೀಲೇಬೇಕು ಅಂದ್ರೆ ಬರೀ ಕಿಲ್ ಸಾಕು, ಅದು ಎಸ್‌ಎಂಬಿಡಿಗೆ ಎಲ್ಲ ಮುಚ್ಚಿ ಹೋಗೋಕೆ ಟೈಮ್ ಕೊಡುತ್ತೆ. ಇನ್ನೂ ಚೆನ್ನಾಗಿರೋದು ಅಂದ್ರೆ ಎಸ್‌ಎಂಬಿಕಂಟ್ರೋಲ್ ಕಮಾಂಡು, ಅದಕ್ಕೆ ಪಿಐಡಿ ಕೊಟ್ಟು ಕ್ಲೋಸ್-ಶೇರ್ ಅಂತ ಬರೆದು ಶೇರಿನ ಹೆಸರು ಕೊಟ್ರೆ ಆ ಒಬ್ಬರಿಗೆ ಆ ಒಂದು ಶೇರ್ ಮಾತ್ರ ಕಟ್ ಆಗುತ್ತೆ. ಏನೇ ಮಾಡಿದ್ರೂ ಆ ಪಿಸಿಯಲ್ಲಿ ಸೇವ್ ಆಗದೆ ಇರೋದು ಹೋಗಬಹುದು, ಅದಕ್ಕೆ ಮೊದಲು ಫೋನ್ ಮಾಡಿ ಕೇಳೋದೇ ಸರಿ, ಪಿಸಿ ಯಾವುದು ಅಂತ ಗೊತ್ತಾದ ಮೇಲೆ ಕೇಳೋಕೇನು ಕಷ್ಟ ಇಲ್ವಲ್ಲ.

ಹೊಸ_ಅಡ್ಮಿನ್:

ಸರ್ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮತ್ತೆ ಲಾಕ್ ಆಯ್ತು, ಈ ಸಲ ಏನೂ ಮುಟ್ಟದೆ ಮೊದಲು ಕಮಾಂಡ್ ಹೊಡೆದೆ. ಸ್ಟಾಕ್ ಶೀಟಿನ ಸಾಲು ಹೀಗಿದೆ: ಪಿಐಡಿ 2841, ಯೂಸರ್ ನಂಬರ್ 1016, ಡಿನೈ_ರೈಟ್, ಆರ್‌ಡಿಡಬ್ಲ್ಯೂಆರ್, ಟೈಮು ನಿನ್ನೆ ಸಂಜೆ 5:48.

ಆದ್ರೆ ಮೊದಲನೇ ಪಟ್ಟಿಯಲ್ಲಿ 2841 ಎರಡು ಸಲ ಇದೆ! ಎರಡರಲ್ಲೂ ಮೆಷಿನ್ ಒಂದೇ, ಡೆಸ್ಕ್-07, ಯೂಸರ್ ಮಾತ್ರ ಬೇರೆ ಬೇರೆ. ಡೆಸ್ಕ್-07 ಹತ್ರ ಹೋದೆ, ಅಲ್ಲಿ ಕೂತಿರೋರು ಸ್ಟಾಕ್ ಶೀಟ್ ತೆಗೆದೇ ಇಲ್ಲ ಅಂದ್ರು, ಸ್ಕ್ರೀನ್ ತೋರಿಸಿದ್ರು, ನಿಜವಾಗ್ಲೂ ಎಕ್ಸೆಲ್ ಓಪನ್ನೇ ಇರ್ಲಿಲ್ಲ. ಕಮಾಂಡ್ ತಪ್ಪು ಹೇಳ್ತಿದೆಯಾ?

ಹಳೇ_ಟರ್ಮಿನಲ್:

ಕಮಾಂಡ್ ಸರಿಯಾಗೇ ಹೇಳ್ತಿದೆ, ಅವರೂ ನಿಜಾನೇ ಹೇಳಿದಾರೆ. ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ 1016 ಅಂತ ಹೊಡೆದು ಆ ನಂಬರ್ ಯಾರದು ನೋಡಿ, ನನಗನ್ಸೋ ಪ್ರಕಾರ ಈಗ ಕೂತಿರೋರದ್ದಲ್ಲ, ಸಂಜೆ ಅದೇ ಪಿಸಿಯಲ್ಲಿ ಕೂತಿದ್ದ ಇನ್ನೊಬ್ಬರದ್ದು. ಅವರು ಸೈನ್ ಔಟ್ ಮಾಡದೆ ಸ್ವಿಚ್ ಯೂಸರ್ ಕೊಟ್ಟು ಹೋಗಿರ್ತಾರೆ. ವಿಂಡೋಸಲ್ಲಿ ಹಂಗೆ ಮಾಡಿದ್ರೆ ಅವರ ಎಕ್ಸೆಲ್ಲು ಹಿಂದೆ ಓಪನ್ನೇ ಇರುತ್ತೆ, ಬೆಳಿಗ್ಗೆ ಬಂದವರು ತಮ್ಮ ಹೆಸರಲ್ಲಿ ಲಾಗಿನ್ ಆದ್ರೆ ಅವರಿಗೆ ಅದು ಕಾಣೋದೇ ಇಲ್ಲ. ಟೈಮು ನೋಡಿ, 5:48, ಮನೆಗೆ ಹೋಗೋ ಹೊತ್ತು.

ಒಂದೇ ಪಿಐಡಿಗೆ ಇಬ್ಬರು ಯಾಕೆ ಅಂದ್ರೆ ಒಂದು ವಿಂಡೋಸ್ ಪಿಸಿ ಒಂದೇ ಸರ್ವರಿಗೆ ಹೋಗುವಾಗ ಇಬ್ಬರು ಯೂಸರ್‌ದೂ ಒಂದೇ ಕನೆಕ್ಷನ್ನಲ್ಲಿ ಕಳಿಸುತ್ತೆ, ಸರ್ವರ್ ಕಡೆ ಎರಡು ಸೆಷನ್, ಎಸ್‌ಎಂಬಿಡಿ ಒಂದೇ. ಈಗ ನೀವು 2841ನ ಕಿಲ್ ಮಾಡಿದ್ರೆ ಸಂಜೆಯವರದ್ದು ಮಾತ್ರ ಅಲ್ಲ, ಈಗ ಕೂತು ಕೆಲಸ ಮಾಡ್ತಿರೋರದ್ದೂ ಕಟ್ ಆಗುತ್ತೆ. ಟರ್ಮಿನಲ್ ಸರ್ವರ್ (ಹಲವರು ಒಟ್ಟಿಗೆ ಲಾಗಿನ್ ಆಗಿ ಕೆಲಸ ಮಾಡೋ ಒಂದೇ ವಿಂಡೋಸ್ ಮೆಷಿನ್) ಇದ್ರಂತೂ ಇಪ್ಪತ್ತು ಜನ ಒಂದೇ ಪಿಐಡಿ ಕೆಳಗಿರ್ತಾರೆ, ಅಲ್ಲಿ ಒಂದು ಕಿಲ್ ಹೊಡೆದ್ರೆ ಇಪ್ಪತ್ತೂ ಜನಕ್ಕೆ ಹೊಡೆತ. ಅದಕ್ಕೇ ಕಿಲ್ ಮಾಡೋಕ್ ಮುಂಚೆ ಮೊದಲನೇ ಪಟ್ಟಿಯಲ್ಲಿ ಆ ಪಿಐಡಿ ಎಷ್ಟು ಸಲ ಇದೆ ಅಂತ ಎಣಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಹೊಸ_ಅಡ್ಮಿನ್:

ಅದೇ ಸರ್!! 1016 ಸಂಜೆ ಶಿಫ್ಟಿನವರು. ಅವರಿಗೆ ಫೋನ್ ಮಾಡಿದೆ, ಹೌದು ಸ್ವಿಚ್ ಯೂಸರ್ ಕೊಟ್ಟು ಹೋಗ್ತೀನಿ, ಸೈನ್ ಔಟ್ ಮಾಡಿದ್ರೆ ಮತ್ತೆ ಎಲ್ಲಾ ತೆಗೀಬೇಕಲ್ಲ ಅಂತ ಅಂದ್ರು. ಅವರೇ ಬಂದು ಸೇವ್ ಮಾಡಿ ಮುಚ್ಚಿದ್ರು, ತಕ್ಷಣ ಇಲ್ಲಿ ಪಟ್ಟಿಯಿಂದ ಆ ಸಾಲು ಹೋಯ್ತು. ಶೀಟಲ್ಲಿ ಹನ್ನೊಂದು ಎಂಟ್ರಿ ಸೇವ್ ಆಗದೆ ಇತ್ತಂತೆ, ನಾನು ಎಂದಿನಂತೆ ರೀಸ್ಟಾರ್ಟ್ ಮಾಡಿದ್ರೆ ಅಷ್ಟೂ ಹೋಗ್ತಿತ್ತು. ನಾಲ್ಕು ತಿಂಗಳಿಂದ ಸರ್ವರಲ್ಲೇ ಏನೋ ಕೆಟ್ಟಿದೆ ಅಂತ ಅಂದುಕೊಂಡಿದ್ದೆ.

ಈಗ ಮಧ್ಯಾಹ್ನದ ನಿಧಾನದ್ದು. ಎಸ್‌ಎಂಬಿಸ್ಟೇಟಸಲ್ಲಿ ಯಾವ ಫೈಲ್ ಓಪನ್ ಇದೆ ಅಂತ ಬರುತ್ತೆ, ಯಾರು ಎಷ್ಟು ಎಳೀತಿದಾರೆ ಅಂತ ಬರಲ್ವಲ್ಲ?

ರಾತ್ರಿ_ಪಾಳಿ:

ಅದು ಬರಲ್ಲ, ಅದಕ್ಕೆ ಐಓಟಾಪ್ (ಯಾವ ಪ್ರೋಸೆಸ್ ಡಿಸ್ಕಲ್ಲಿ ಎಷ್ಟು ಓದ್ತಿದೆ, ಬರೀತಿದೆ ಅಂತ ತೋರಿಸೋ ಕಮಾಂಡ್) ಬೇಕು. ಸುಡೋ ಐಓಟಾಪ್ ಮೈನಸ್ ಓ, ಮೈನಸ್ ಕ್ಯಾಪಿಟಲ್ ಪಿ, ಮೈನಸ್ ಎ. ಓ ಹಾಕಿದ್ರೆ ನಿಜವಾಗಿ ಡಿಸ್ಕ್ ಮುಟ್ಟುತ್ತಿರೋ ಪ್ರೋಸೆಸ್ ಮಾತ್ರ ತೋರಿಸುತ್ತೆ, ಕ್ಯಾಪಿಟಲ್ ಪಿ ಥ್ರೆಡ್ಡುಗಳನ್ನ ಒಟ್ಟು ಮಾಡುತ್ತೆ, ಎ ಹಾಕಿದ್ರೆ ಶುರುವಾದಾಗಿಂದ ಒಟ್ಟು ಎಷ್ಟು ಅಂತ ಕೂಡಿಸ್ತಾ ಹೋಗುತ್ತೆ. ಐದು ನಿಮಿಷ ಬಿಡಿ, ಮೇಲೆ ಯಾವ ಎಸ್‌ಎಂಬಿಡಿ ನಿಂತಿದೆ ಅದರ ಪಿಐಡಿ ತಗೊಂಡು ಮತ್ತೆ ಎಸ್‌ಎಂಬಿಸ್ಟೇಟಸಿಗೆ ಬನ್ನಿ, ಯಾವ ಪಿಸಿ ಅಂತ ಗೊತ್ತಾಗುತ್ತೆ. ಕರ್ನಲ್ 5.14 ಅಥವಾ ಅದಕ್ಕಿಂತ ಹೊಸದಿದ್ರೆ ಐಓ ಪರ್ಸೆಂಟ್ ಕಾಲಂ ಖಾಲಿ ಬರಬಹುದು, ಡಿಲೇ ಅಕೌಂಟಿಂಗ್ (ಡಿಸ್ಕಿಗಾಗಿ ಕಾದ ಸಮಯದ ಲೆಕ್ಕ) ಮೊದಲೇ ಆಫ್ ಇರುತ್ತೆ, ಸಿಸ್‌ಕಂಟ್ರೋಲಲ್ಲಿ ಕರ್ನಲ್ ಡಾಟ್ ಟಾಸ್ಕ್_ಡಿಲೇಅಕೌಂಟನ್ನ 1 ಮಾಡಿದ್ರೆ ಬರುತ್ತೆ. ಓದಿದ್ದೆಷ್ಟು ಬರೆದಿದ್ದೆಷ್ಟು ಅನ್ನೋ ಕಾಲಂ ಅದಿಲ್ಲದೆನೂ ಬರುತ್ತೆ, ನಿಮಗೆ ಸದ್ಯಕ್ಕೆ ಅದೇ ಸಾಕು.

ಪಿಐಡಿ ಸಿಕ್ಕ ಮೇಲೆ ವಾಚ್ ಮೈನಸ್ ಎನ್ 2 ಅಂತ ಕೊಟ್ಟು ಎಸ್‌ಎಂಬಿಸ್ಟೇಟಸ್ ಮೈನಸ್ ಕ್ಯಾಪಿಟಲ್ ಎಲ್ ಬರೆದು, ಪೈಪ್ ಹಾಕಿ ಆ ಪಿಐಡಿಗೆ ಗ್ರೆಪ್ ಮಾಡಿ (ಆ ಪಿಐಡಿ ಇರೋ ಸಾಲು ಮಾತ್ರ ಉಳಿಸೋದು). ಪೈಪ್ ಇರೋದ್ರಿಂದ ಅಷ್ಟನ್ನೂ ಕೋಟ್ಸ್ ಒಳಗೆ ಹಾಕ್ಬೇಕು, ಇಲ್ಲಾಂದ್ರೆ ಪರದೆ ಮೇಲೆ ಏನೂ ಕಾಣಲ್ಲ. ಎರಡೆರಡು ಸೆಕೆಂಡಿಗೆ ಆ ಪಿಸಿಯಲ್ಲಿ ಯಾವ ಫೈಲ್ ಓಪನ್ ಆಗ್ತಿದೆ ಅಂತ ಕಣ್ಣೆದುರೇ ಬದಲಾಗುತ್ತೆ. ಮನುಷ್ಯರು ಕೆಲಸ ಮಾಡೋದು ಒಂಥರ ಕಾಣುತ್ತೆ, ಒಂದೇ ಫೈಲ್ ಎಷ್ಟೋ ಹೊತ್ತು ನಿಂತಿರುತ್ತೆ, ಪ್ರೋಗ್ರಾಮ್ ಓಡ್ತಿರೋದು ಬೇರೆ ಥರ ಕಾಣುತ್ತೆ. ಒಂದ್ಸಲ ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

ಹೊಸ_ಅಡ್ಮಿನ್:

2:05ಕ್ಕೆ ಶುರುವಾಯ್ತು, ಕೂತು ನೋಡಿದೆ. ಐಓಟಾಪಲ್ಲಿ ಪಿಐಡಿ 3977 ಒಂದೇ ಐದು ನಿಮಿಷದಲ್ಲಿ 14 ಜಿಬಿ ಓದಿತ್ತು, ಅದರ ಕೆಳಗಿನದ್ದು 200 ಎಂಬಿ ಕೂಡ ಇಲ್ಲ. ವಾಚ್ ಹಾಕಿದೆ. ಎಲ್ಲಾ ಆರ್‌ಡಿ‌ಓನ್ಲಿ, ಬರೆಯೋದು ಒಂದೂ ಇಲ್ಲ. ಮೊದಲು 2014ರ ಫೋಲ್ಡರಲ್ಲಿ ಎ ಇಂದ ಶುರುವಾಗೋ ಫೈಲುಗಳು, ಆಮೇಲೆ ಬಿ, ಹಂಗೇ ಸಾಲಾಗಿ ಹೋಗಿ 2015ಕ್ಕೆ ಬಂತು. 2014ರ ಬಿಲ್ಲುಗಳನ್ನ ನಮ್ಮಲ್ಲಿ ಯಾರೂ ತೆಗೆಯೋದೇ ಇಲ್ಲ. ಮೆಷಿನ್ ಡಿಸೈನ್-02. ಹೋಗಿ ನೋಡಿದ್ರೆ ಅವರು ಊಟಕ್ಕೆ ಹೋಗಿದ್ರು, ಪಿಸಿ ಲಾಕ್ ಆಗಿತ್ತು.

ರಾತ್ರಿ_ಪಾಳಿ:

ಯಾರೂ ಇಲ್ಲದ ಪಿಸಿ, ಅಕ್ಷರ ಕ್ರಮದಲ್ಲಿ, ಬರೀ ಓದೋದು. ಆಂಟಿವೈರಸ್ ಸ್ಕ್ಯಾನ್ ಶೆಡ್ಯೂಲ್ ನೋಡಿ, ಅದರಲ್ಲಿ ಮ್ಯಾಪ್ ಮಾಡಿರೋ ಡ್ರೈವೂ ಸೇರಿಸು ಅಂತ ಟಿಕ್ ಆಗಿರುತ್ತೆ. ಅದಲ್ಲಾಂದ್ರೆ ಬ್ಯಾಕಪ್ ಸಾಫ್ಟ್‌ವೇರು. ಇದೇ ಓದೋದರ ಜೊತೆ ಬರೆಯೋದೂ ರೀನೇಮ್ ಮಾಡೋದೂ ಸಾಲಾಗಿ ನಡೀತಿದ್ರೆ ಮಾತ್ರ ಒಂದು ಕ್ಷಣ ಯೋಚನೆ ಮಾಡದೆ ಆ ಪಿಸಿಯ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಓಡುವಾಗ ಕಾಣೋ ರೀತಿ ಅದು. ನಿಮ್ಮದರಲ್ಲಿ ಬರೆಯೋದೇ ಇಲ್ಲ ಅಂದಿದ್ದು ನೋಡಿ ನೆಮ್ಮದಿ ಆಯ್ತು.

ಲಾಗ್_ಓದುಗ:

ಥ್ರೆಡ್ ಚೆನ್ನಾಗಿದೆ, ಒಂದು ಮಾತು ಸೇರಿಸ್ತೀನಿ. ಎಸ್‌ಎಂಬಿಸ್ಟೇಟಸ್ ಹೇಳೋದು ಈ ಕ್ಷಣದ್ದು ಮಾತ್ರ. ನಾಳೆ ಯಾರಾದ್ರೂ ಬಂದು ಸೋಮವಾರ ಆ ಫೋಲ್ಡರ್ ಯಾರು ಡಿಲೀಟ್ ಮಾಡಿದ್ರು ಅಂತ ಕೇಳಿದ್ರೆ ಅದರಿಂದ ಉತ್ತರ ಸಿಗಲ್ಲ. ಅದಕ್ಕೆ ಫುಲ್_ಆಡಿಟ್ ಅನ್ನೋ ವಿಎಫ್‌ಎಸ್ ಮಾಡ್ಯೂಲ್ (ಯಾರು ಏನು ಮಾಡಿದ್ರು ಅಂತ ಲಾಗ್ ಬರೆಯೋ ಸಾಂಬಾದ ಹೆಚ್ಚುವರಿ ಭಾಗ) ಇದೆ, ಮೊದಲೇ ಆನ್ ಮಾಡಿಟ್ಟಿರಬೇಕು, ಹಿಂದಿನದ್ದು ಯಾವುದೂ ಸಿಗಲ್ಲ. ಸಾಂಬಾ ಕಾನ್ಫಿಗಲ್ಲಿ ಆ ಶೇರಿನ ಕೆಳಗೆ ವಿಎಫ್‌ಎಸ್ ಆಬ್ಜೆಕ್ಟ್ಸಿಗೆ ಫುಲ್_ಆಡಿಟ್ ಸೇರಿಸಿ, ಪ್ರಿಫಿಕ್ಸಲ್ಲಿ ಯೂಸರ್, ಐಪಿ, ಮೆಷಿನ್ ಬರೋ ಹಾಗೆ ಪರ್ಸೆಂಟ್ ಸಣ್ಣ ಯು, ಪರ್ಸೆಂಟ್ ಕ್ಯಾಪಿಟಲ್ ಐ, ಪರ್ಸೆಂಟ್ ಸಣ್ಣ ಎಂ ಹಾಕಿ, ಸಕ್ಸೆಸ್ ಪಟ್ಟಿಯಲ್ಲಿ ಹೊಸ ಫೋಲ್ಡರ್ ಮಾಡಿದ್ದು, ಅಳಿಸಿದ್ದು, ಹೆಸರು ಬದಲಾಯಿಸಿದ್ದು ಇಷ್ಟೇ ಇಡಿ. ಓಪನ್, ರೀಡ್ ಎಲ್ಲಾ ಹಾಕಿದ್ರೆ ಲಾಗ್ ಫೈಲೇ ಡಿಸ್ಕ್ ತುಂಬಿಬಿಡುತ್ತೆ.

ನನಗೆ ಇದರಲ್ಲಿ ಒಮ್ಮೆ ದೊಡ್ಡ ಪೆಟ್ಟು ಬಿದ್ದಿದೆ. ಹಳೇ ಸಾಂಬಾದಲ್ಲಿ ಅಳಿಸೋ ಕೆಲಸಕ್ಕೆ ಅನ್‌ಲಿಂಕ್ ಅಂತಿತ್ತು, ಹೊಸದರಲ್ಲಿ ಅನ್‌ಲಿಂಕ್‌ಆಟ್ ಅಂತಾಗಿದೆ, ರೀನೇಮ್ ಹೋಗಿ ರೀನೇಮ್‌ಆಟ್, ಎಂಕೆಡಿರ್ ಹೋಗಿ ಎಂಕೆಡಿರ್‌ಆಟ್. ಸರ್ವರ್ ಅಪ್‌ಗ್ರೇಡ್ ಮಾಡಿದ ಮಾರನೇ ದಿನ ಯಾರಿಗೂ ಶೇರೇ ತೆರೀತಿರ್ಲಿಲ್ಲ, ಪರ್ಮಿಷನ್ ಅಂತ ಮೂರು ಗಂಟೆ ಹುಡುಕಿದೆ, ಕೊನೆಗೆ ನೋಡಿದ್ರೆ ಈ ಪಟ್ಟಿಯಲ್ಲಿ ಅದಕ್ಕೆ ಗೊತ್ತಿಲ್ಲದ ಹೆಸರಿದ್ರೆ ಮಾಡ್ಯೂಲೇ ಲೋಡ್ ಆಗಲ್ಲ, ಶೇರೂ ಬಿಡಲ್ಲ. ಟೆಸ್ಟ್‌ಪಾರ್ಮ್ (ಕಾನ್ಫಿಗ್ ಸರಿ ಇದೆಯಾ ಅಂತ ನೋಡೋ ಕಮಾಂಡ್) ಇದನ್ನ ಹಿಡಿಯಲ್ಲ, ಹಾಗಾಗಿ ಒಂದು ಖಾಲಿ ಟೆಸ್ಟ್ ಶೇರ್ ಮಾಡಿ ಅದರಲ್ಲಿ ಮೊದಲು ನೋಡಿ, ಆಮೇಲೆ ನಿಜವಾದ ಶೇರಿಗೆ ಹಾಕಿ.

ಲಾಗ್ ಬಂದ ಮೇಲೂ ಸ್ವಲ್ಪ ಹುಷಾರು. ಎಕ್ಸೆಲಲ್ಲಿ ಸೇವ್ ಒತ್ತಿದ್ರೆ ಅದು ಒಂದು ಟಿಎಂಪಿ ಫೈಲಿಗೆ ಬರೆದು, ಹಳೇದರ ಹೆಸರು ಬದಲಾಯಿಸಿ, ಹೊಸದನ್ನ ಅದರ ಜಾಗಕ್ಕೆ ತಂದು, ಹಳೇದನ್ನ ಅಳಿಸುತ್ತೆ. ಲಾಗಲ್ಲಿ ಅದೆಲ್ಲ ಆ ಯೂಸರ್ ಹೆಸರಲ್ಲಿ ಅನ್‌ಲಿಂಕ್‌ಆಟ್ ಓಕೆ ಅಂತ ಬಿದ್ದಿರುತ್ತೆ. ಅದನ್ನಷ್ಟೇ ನೋಡಿ ನೀವೇ ಡಿಲೀಟ್ ಮಾಡಿದ್ದು ಅಂತ ಯಾರ ಮೇಲೂ ಹೇಳಬೇಡಿ, ಹಿಂದಿನ ಮುಂದಿನ ನಾಲ್ಕು ಸಾಲು ಓದಿ.

ಎರಡೂ_ಕಡೆಯವ:

ವಿಂಡೋಸ್ ಸರ್ವರ್ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಅಲ್ಲಿ ಪವರ್‌ಶೆಲ್ಲನ್ನ ಅಡ್ಮಿನ್ ಆಗಿ ತೆಗೆದು ಗೆಟ್-ಎಸ್‌ಎಂಬಿಓಪನ್‌ಫೈಲ್ ಹೊಡೀರಿ, 2012ರ ಸರ್ವರಿಂದ ಈಚೆಗೆ ಎಲ್ಲದರಲ್ಲೂ ಇದೆ, ಯೂಸರ್, ಪಿಸಿ, ಪಾತ್ ಮೂರೂ ಒಂದೇ ಸಾಲಲ್ಲಿ ಬರುತ್ತೆ. ಅಲ್ಲಿ ಒಂದು ಫೈಲನ್ನ ಮಾತ್ರ ಮುಚ್ಚೋಕೂ ಆಗುತ್ತೆ, ಕ್ಲೋಸ್-ಎಸ್‌ಎಂಬಿಓಪನ್‌ಫೈಲ್ ಅಂತ. ಎನ್‌ಎಫ್‌ಎಸ್ (ಲಿನಕ್ಸ್ ಮೆಷಿನ್ನುಗಳ ನಡುವೆ ಫೈಲ್ ಹಂಚೋ ವ್ಯವಸ್ಥೆ) ಇದ್ರೆ ಕಥೆ ಬೇರೆ, ವರ್ಷನ್ 3ರಲ್ಲಿ ಓಪನ್ ಅನ್ನೋದೇ ಸರ್ವರಿಗೆ ಗೊತ್ತಾಗಲ್ಲ, ವರ್ಷನ್ 4 ಇದ್ದು ಕರ್ನಲ್ 5.3 ಅಥವಾ ಹೊಸದಾದ್ರೆ ಪ್ರಾಕ್ ಒಳಗೆ ಎಫ್‌ಎಸ್, ಅದರೊಳಗೆ ಎನ್‌ಎಫ್‌ಎಸ್‌ಡಿ, ಅದರೊಳಗೆ ಕ್ಲೈಂಟ್ಸ್ ಅಂತ ಡೈರೆಕ್ಟರಿ ಇರುತ್ತೆ, ಒಂದೊಂದು ಕ್ಲೈಂಟಿನ ಕೆಳಗೆ ಸ್ಟೇಟ್ಸ್ ಅನ್ನೋ ಫೈಲ್ ಓದಿದ್ರೆ ಏನೇನು ಓಪನ್ ಇದೆ ಸಿಗುತ್ತೆ. ಯಾವ ಪಿಸಿ ಕನೆಕ್ಟ್ ಆಗಿದೆ ಅಂತ ತೋರಿಸೋ ಶೋಮೌಂಟ್ ಮೈನಸ್ ಎ ನಂಬಬೇಡಿ, ಎಂದೋ ಹೋದ ಪಿಸಿನೂ ಅದರಲ್ಲಿ ಉಳ್ಕೊಂಡಿರುತ್ತೆ.

ಹೊಸ_ಅಡ್ಮಿನ್:

ಆಂಟಿವೈರಸ್ಸೇ. ಡಿಸೈನ್-02ರಲ್ಲಿ ದಿನಾ 2 ಗಂಟೆಗೆ ಫುಲ್ ಸ್ಕ್ಯಾನ್, ನೆಟ್‌ವರ್ಕ್ ಡ್ರೈವ್ ಟಿಕ್ ಆಗಿತ್ತು. ಟಿಕ್ ತೆಗೆದೆ, ಸರ್ವರ್ ಮೇಲೆ ರಾತ್ರಿ ಬೇರೆ ಸ್ಕ್ಯಾನ್ ಇಟ್ಟೆ. ಇವತ್ತು 2:05ಕ್ಕೆ ಮತ್ತೆ ಐಓಟಾಪ್ ತೆಗೆದು ಕಾದೆ, ಎಲ್ಲಕ್ಕಿಂತ ಮೇಲಿದ್ದ ಎಸ್‌ಎಂಬಿಡಿ ಐದು ನಿಮಿಷಕ್ಕೆ 180 ಎಂಬಿ ಓದಿದ್ದು ಅಷ್ಟೆ. ಸಂಜೆ ಶಿಫ್ಟಿನವರು ಸೈನ್ ಔಟ್ ಮಾಡಿ ಹೋಗ್ತೀನಿ ಅಂತ ಒಪ್ಪಿದಾರೆ. ನಾಳೆ ಟೆಸ್ಟ್ ಶೇರ್ ಮಾಡಿ ಫುಲ್_ಆಡಿಟ್ ಹಾಕಿ ನೋಡ್ತೀನಿ, ನಮ್ಮ ಸಾಂಬಾ 4.19, ಹಾಗಾದ್ರೆ ಅನ್‌ಲಿಂಕ್‌ಆಟ್ ಅಂತಾನೇ ಬರೀಬೇಕು ಅಲ್ವಾ?

ಲಾಗ್_ಓದುಗ:

ಹೌದು, ಅದೇ. ಫೇಲ್ಯೂರ್ ಪಟ್ಟಿಗೂ ನನ್ ಅಂತ ಬರೆದುಬಿಡಿ. ಕಾನ್ಫಿಗ್ ಬದಲಾಯಿಸಿದ ಮೇಲೆ ಎಸ್‌ಎಂಬಿಕಂಟ್ರೋಲ್ ಆಲ್ ರೀಲೋಡ್-ಕಾನ್ಫಿಗ್ ಕೊಟ್ರೂ ಆಗಲೇ ಕನೆಕ್ಟ್ ಆಗಿರೋರಿಗೆ ಮಾಡ್ಯೂಲ್ ಬರಲ್ಲ, ಅವರು ಬಿಟ್ಟು ಮತ್ತೆ ಕನೆಕ್ಟ್ ಆದಾಗ್ಲೇ ಬರೋದು, ಅದಕ್ಕೆ ಎಲ್ಲರೂ ಮನೆಗೆ ಹೋದ ಮೇಲೆ ಹಾಕಿ.